ಐದನೇ ಗುಂಡಿಯ ಎದುರಿನ ಕೆರೆ

ಎಪ್ಪತ್ತನಾಲ್ಕರ ಆ ಭಾನುವಾರ ಸಂಜೆ ನನ್ನನ್ನು ನೋಡಲು ದಾವಣಗೆರೆಯಿಂದ ಬರುವವರಿದ್ದರು. ಅಪ್ಪಾಜಿ ಒಪ್ಪಿಗೆ ಕೊಡಲು ತಯಾರಾಗಿ ಕೂತಿದ್ದರು. ನನ್ನ ಮನಸ್ಸಿನಲ್ಲಿದ್ದ ರೇವಣಸಿದ್ದಪ್ಪ ಮಾತ್ರ ಇನ್ನೂ ಬಾಯಿ ಬಿಟ್ಟಿರಲಿಲ್ಲ.

ರಾಜಾಜಿನಗರದ ಕಾರ್ಖಾನೆಯಲ್ಲಿ ಅವರು ಡ್ರಾಫ್ಟ್ಸ್‌ಮನ್, ನಾನು ಟೈಪಿಸ್ಟ್. ಎರಡು ವರ್ಷದಿಂದ ಬರೀ ಕಣ್ಣಲ್ಲೇ ಮಾತು.

ಕೆಂಗೇರಿಯಾಚೆ ಆಫೀಸರುಗಳು ಮಾಡಿಕೊಂಡಿದ್ದ ಗಾಲ್ಫ್ ಮೈದಾನವನ್ನು ಅವತ್ತು ಸ್ಟಾಫಿಗೆಲ್ಲ ತೋರಿಸುತ್ತಿದ್ದರು. ಅದರ ನಕ್ಷೆ ಬರೆದವರು ರೇವಣಸಿದ್ದಪ್ಪನವರೇ. ಉಳಿದವರು ಇಡ್ಲಿಗೆ ಮುಗಿಬಿದ್ದಾಗ ಅವರು ಒಂದು ಗಾಲ್ಫ್ ಕೋಲು, ಒಂದು ಬಾಲು ಎತ್ತಿಕೊಂಡರು, ನಾವಿಬ್ಬರೂ ಮುಂದೆ ನಡೆದೆವು.

ಹುಲ್ಲಿನ ಬಯಲು ಇರಬಹುದು ಅಂದುಕೊಂಡಿದ್ದವಳು ಐದನೇ ಗುಂಡಿಗೆ ಬಾಲು ಹೊಡೆಯುವ ಜಾಗಕ್ಕೆ ಬಂದು ನಿಂತುಬಿಟ್ಟೆ. ಎದುರಿಗೆ ತುಂಬಿದ ಕೆರೆ. ಆಚೆ ದಡದಲ್ಲಿ ಆನೆಗಾತ್ರದ ಬಂಡೆ, ಅದರ ಬುಡದಲ್ಲಿ ಗುಂಡಿಯ ಗುರುತಿಗೆ ಪುಟ್ಟ ಕೆಂಪು ಬಾವುಟ. ಇಷ್ಟು ಅಗಲದ ಆಕಾಶ ನಮ್ಮ ಬೀದಿಯ ಮೇಲೂ ಇದೆಯೇ ಅನ್ನಿಸಿತು.

"ಆಫೀಸರ್‌ಗಳ ಬಾಲೆಲ್ಲ ಇಲ್ಲೇ ಮುಳುಗುತ್ತಂತೆ. ಕೆರೆ ಮುಚ್ಚಿಸಬಾರದಾ?" ಎಂದೆ.

"ಮುಚ್ಚಿದ್ರೆ ಆಟ ಏನು ಉಳಿಯುತ್ತೆ ಹೇಳಿ? ಭಯ ಇರೋರಿಗೆ ಏರಿ ಮೇಲೆ ಸುತ್ತುದಾರಿ ಇದೆ, ಬಾಲಿಗೆ ಎರಡು ಏಟು ಜಾಸ್ತಿ ಬೇಕು, ಅಷ್ಟೇ. ಧೈರ್ಯ ಇದ್ರೆ ನೀರಿನ ಮೇಲೇ ದಾರಿ. ಯಾರನ್ನೂ ಬೇಡ ಅನ್ನಲ್ಲ ಈ ನೆಲ. ಗಾಳಿ ಬೇರೆ ದಿನಾ ತಿರುಗುತ್ತೆ, ನಿನ್ನೆ ಆಡಿದ ಹಾಗೆ ಇವತ್ತು ಆಡೋಕಾಗಲ್ಲ."

ಅವರು ಇಷ್ಟುದ್ದ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಮುಖ ಬೆಳಗುತ್ತಿತ್ತು. ನನಗೆ ಕೆರೆಯ ಮೇಲೆ ಹೊಟ್ಟೆಕಿಚ್ಚಾಯಿತು.

"ನಿಮ್ಮದು ಯಾವ ದಾರಿ?"

"ಸುತ್ತುದಾರಿ," ಎಂದು ತಲೆ ತಗ್ಗಿಸಿದರು.

ಗೊತ್ತಿದ್ದದ್ದೇ. ಸಿಟ್ಟು ನುಂಗಿಕೊಂಡು ಕೇಳಿದೆ, "ಇಬ್ಬರು ಆಡುವಾಗ ಮೊದಲ ಏಟು ಯಾರದು?"

"ಗುಂಡಿಯಿಂದ ಯಾರು ದೂರ ಇರ್ತಾರೋ ಅವರದು. ಅದು ಪದ್ಧತಿ."

"ಹಾಗಾದ್ರೆ ನೀವೇ ಮೊದಲು ಹೇಳಬೇಕು. ನಾನು ಹತ್ತಿರ ಬಂದು ಎರಡು ವರ್ಷ ಆಯ್ತು. ಸಂಜೆ ದಾವಣಗೆರೆಯವರು ಬರ್ತಾರೆ."

ಅವರ ಕಿವಿ ಕೆಂಪಾಯಿತು. ಬಾಲು ನೆಲಕ್ಕಿಟ್ಟು, ನೀರಿನ ಕಡೆಗೇ ತಿರುಗಿ ಕೋಲು ಬೀಸಿದರು. ಬಾಲು ಏರಿತು, ಏರುತ್ತಲೇ ಹೋಯಿತು. ದಡಕ್ಕೆ ಒಂದು ಮಾರು ಈಚೆ ಅದು ಗುಳುಂ ಎಂದಿತು.

ಅವರು ನಕ್ಕುಬಿಟ್ಟರು. ಸೋತವರು ಅಷ್ಟು ಸಂತೋಷದಿಂದ ನಗುವುದನ್ನು ನಾನು ಕಂಡಿರಲಿಲ್ಲ.

"ಮುಳುಗ್ತು. ಇನ್ನೇನು ಭಯ, ಜಗದಾಂಬಾ? ನನಗೆ ನೀವು ಬೇಕು. ನಿಮ್ಮ ತಂದೆಯವರನ್ನ ಇವತ್ತೇ ಕೇಳ್ತೀನಿ."

ಆಫೀಸಿನಲ್ಲಿ ಕರೆಯುವ 'ಮಿಸ್' ಬಿಟ್ಟು ಬರೀ ಹೆಸರು ಹಿಡಿದು ಕರೆದಿದ್ದರು. ನನಗೆ ಕಣ್ಣು ತುಂಬಿ ಬಾವುಟ ಕಾಣಿಸಲಿಲ್ಲ.

"ದಾವಣಗೆರೆಯವರು ಬರೋದು ಐದಕ್ಕೆ," ಎಂದೆ. "ನೀವು ನಾಲ್ಕಕ್ಕೇ ಬನ್ನಿ."