ಹಾರದ ಹನ್ನೊಂದು ಹಕ್ಕಿ

"ಶ್! ಯಾರೂ ಮಾತಾಡ್ಬೇಡಿ. ಹಾರ್ಹೋಗ್ತವೆ" ಎಂದು ರಾಜಶೇಖರ್ ಮೇಷ್ಟ್ರು ಪಿಸುಗುಟ್ಟಿದರು.

ಸಿಂಗಟಗೆರೆ ಕೆರೆ ಏರಿಯ ಮೇಲೆ ಐದನೇ ಕ್ಲಾಸಿನ ಆರು ಮಕ್ಕಳು ಉಸಿರು ಬಿಗಿಹಿಡಿದು ಕೂತರು. ಆಗಷ್ಟೇ ಬೆಳಕು ಹರಿದಿತ್ತು. ಕೆರೆಯಂಗಳದ ತುಂಬ ಮಂಜು. ನೀರು ಹಿಂದೆ ಸರಿದ ಜಾಗದಲ್ಲೆಲ್ಲ ಕಡಲೆ ಬೆಳೆದಿತ್ತು. ಅದರ ನಡುವೆ ಬೆಳ್ಳಗೆ, ದೊಡ್ಡದಾಗಿ ಏನೋ ಸಾಲಾಗಿ ಕೂತಿದ್ದವು.

ಮೇಷ್ಟ್ರು ಬೈನಾಕ್ಯುಲರ್ ಕಣ್ಣಿಗಿಟ್ಟು ಎಣಿಸಿದರು. "ಹನ್ನೊಂದು! ಪೆಲಿಕನ್ ಕಣ್ರೋ, ಹೆಜ್ಜಾರ್ಲೆ!"

ಅವು ಏನೆಂದು ಧನ್ಯಶ್ರೀಗೆ ಗೊತ್ತಿತ್ತು.

ನಿನ್ನೆ ಸಂಜೆ ಗುರುಶಾಂತಮ್ಮಜ್ಜಿಯ ಜೊತೆ ಹೋಗಿ ಕಡಲೆ ಗಿಡಗಳ ಮೇಲೆ ಹನ್ನೊಂದು ಬಿಳಿ ಬಟ್ಟೆ ಹೊದಿಸಿ ಬಂದವಳು ಅವಳೇ. ರಾತ್ರಿಯೆಲ್ಲ ಬಟ್ಟೆ ಇಬ್ಬನಿಯ ಜೊತೆ ಗಿಡದ ಹುಳಿಯನ್ನೂ ಹೀರುತ್ತದೆ. ಬೆಳಿಗ್ಗೆ ಹಿಂಡಿಕೊಂಡರೆ ಕಡಲೆ ಹುಳಿ, ಹೊಟ್ಟೆನೋವಿಗೆ ಮದ್ದು. ಈಗ ಊರಲ್ಲಿ ಆ ಕೆಲಸ ಮಾಡುವವಳು ಅಜ್ಜಿ ಒಬ್ಬಳೇ. ಕಡೂರಿನಿಂದ ಬೈಕಿನಲ್ಲಿ ಬರುವ ಮೇಷ್ಟ್ರಿಗೆ ಅದು ಹೇಗೆ ಗೊತ್ತಾಗಬೇಕು?

"ಸಾರ್, ಅದು..."

"ಶ್! ಧನ್ಯಾ, ನಿನ್ನ ಹಕ್ಕಿಗಳೇ ಕಣಮ್ಮ. ನೀನು ಬೂದಿ ಬಣ್ಣ ಅಂದೆ. ದೂರದಿಂದ ಹಂಗೇ ಕಾಣ್ತವೆ."

ನಿನ್ನೆ ಕ್ಲಾಸಿನಲ್ಲಿ ಧನ್ಯಶ್ರೀ, "ನಮ್ಮಜ್ಜಿ ಹೊಲ್ದಲ್ಲಿ ಬೂದಿ ಬಣ್ಣದ ಒಂಬತ್ತು ದೊಡ್ಡ ಹಕ್ಕಿ ನೋಡ್ದೆ. ತಲೆ ಹಿಂದೆ ಎರಡು ಕಪ್ಪು ಗೆರೆ. ಒಂದು ಮಾತ್ರ ನಿದ್ದೆ ಮಾಡ್ತಿತ್ತು, ಅಲ್ಲಾಡ್ಲೇ ಇಲ್ಲ" ಎಂದಾಗ ಎಲ್ಲರೂ ನಕ್ಕಿದ್ದರು. "ಲೇ, ಅದು ನಿಮ್ಮನೆ ಕೋಳಿ ಇರ್ಬೇಕು!" ಎಂದಿದ್ದ ರವಿಕುಮಾರ. ನಗದೇ ಇದ್ದವರು ಮೇಷ್ಟ್ರು ಒಬ್ಬರೇ. "ನಾಳೆ ಹೋಗಿ ನೋಡೋಣ. ನಿಜ ಆದ್ರೆ ತಾಲ್ಲೂಕಿನ ಹಕ್ಕಿ ಲಿಸ್ಟಲ್ಲಿ ನಿನ್ನ ಹೆಸರೂ ಬರ್ತದೆ" ಎಂದಿದ್ದರು.

ಅಂಥ ಮೇಷ್ಟ್ರಿಗೆ, ಸಾರ್ ಅವು ನಮ್ಮಜ್ಜಿಯ ಹಳೇ ಸೀರೆ ತುಂಡು ಎಂದು ಹೇಳುವುದು ಹೇಗೆ?

ಅಷ್ಟರಲ್ಲಿ ಮೇಷ್ಟ್ರು ಫೋನಿನಲ್ಲಿ ಹಿಡಿದ ಫೋಟೊ ತಾಲ್ಲೂಕಿನ ಹಕ್ಕಿಪ್ರಿಯರ ವಾಟ್ಸಾಪ್ ಗ್ರೂಪಿಗೆ ಹೋಗಿಯೇಬಿಟ್ಟಿತು. ಫೋನು ಟಿಣ್ ಟಿಣ್ ಎನ್ನತೊಡಗಿತು. "ನೋಡ್ರೋ, ಆಗ್ಲೇ ಹದಿನಾರು ಥಂಬ್ಸ್ ಅಪ್!"

"ಸಾರ್, ಒಂದೂ ಅಲ್ಲಾಡ್ತಿಲ್ವಲ್ಲ?" ಎಂದ ರವಿಕುಮಾರ.

"ಪೆಲಿಕನ್ ಬಹಳ ತಾಳ್ಮೆಯ ಹಕ್ಕಿ ಕಣೋ."

ಆಗ ಮಂಜಿನೊಳಗಿಂದ ಗುರುಶಾಂತಮ್ಮಜ್ಜಿ ಕುಡಿಕೆ ಹಿಡಿದು ಬಂದಳು. ಮೊದಲನೇ ಪೆಲಿಕನ್ನನ್ನು ಎತ್ತಿದಳು. ಎರಡು ಕೈಯಲ್ಲೂ ಚೆನ್ನಾಗಿ ಹಿಂಡಿದಳು. ಹೆಗಲ ಮೇಲೆ ಹಾಕಿಕೊಂಡು ಎರಡನೆಯದಕ್ಕೆ ಬಗ್ಗಿದಳು.

ಏರಿಯ ಮೇಲೆ ಮೇಷ್ಟ್ರು ಬೈನಾಕ್ಯುಲರ್ ಕೆಳಗಿಳಿಸಿದರು.

ಅಜ್ಜಿ ಐದನೆಯದನ್ನು ಎತ್ತುವಾಗ ಹೊಲದ ಆಚೆ ತುದಿಯಲ್ಲಿ "ಆಂಗ್, ಆಂಗ್" ಎಂದು ಸದ್ದಾಯಿತು. ಬೂದಿ ಬಣ್ಣದ ದೊಡ್ಡ ಹಕ್ಕಿಗಳು ಒಟ್ಟಿಗೆ ಮೇಲೆದ್ದವು. ಏರಿಯ ಮೇಲೆಯೇ, ತೀರಾ ತಗ್ಗಿನಲ್ಲಿ ಹಾದುಹೋದವು. ಬಿಳಿ ತಲೆ, ಹಿಂದೆ ಎರಡು ಕಪ್ಪು ಗೆರೆ. ಬೈನಾಕ್ಯುಲರ್ ಮೇಷ್ಟ್ರ ಕೊರಳಲ್ಲಿ ಸುಮ್ಮನೆ ತೂಗಾಡುತ್ತಿತ್ತು.

ಅವರು ಚೀಲದಿಂದ ಹಕ್ಕಿ ಪುಸ್ತಕ ತೆಗೆದು ತಿರುವಿದರು. "ಪಟ್ಟೆತಲೆ ಹೆಬ್ಬಾತು" ಎಂದರು ಮೆಲ್ಲಗೆ. "ಹಿಮಾಲಯ ದಾಟಿ ಬರ್ತವೆ."

ಅಜ್ಜಿ ಏರಿ ಹತ್ತಿ ಬಂದಿದ್ದಳು. "ಅಷ್ಟು ದೂರದಿಂದ ಬಂದು ನನ್ ಕಡ್ಲೇನೇ ಮೇಯ್ಬೇಕಾ? ಅದ್ಸರಿ ಮೇಷ್ಟ್ರೇ, ನನ್ ಸೀರೆ ಫೋಟೊ ಯಾಕ್ ಹಿಡೀತಿದ್ರಿ?"

ರವಿಕುಮಾರ ಬಿದ್ದು ಬಿದ್ದು ನಕ್ಕ. ಉಳಿದವರೂ ನಕ್ಕರು. ಮೇಷ್ಟ್ರ ಕಿವಿ ಕೆಂಪಾಗಿತ್ತು. ಅವರು ಲಿಸ್ಟಿನ ಹಾಳೆಯನ್ನು ಧನ್ಯಶ್ರೀಗೆ ಕೊಟ್ಟರು. "ನೀನೇ ಬರಿಯಮ್ಮ. ಮೊದಲು ನೋಡಿದವಳು ನೀನು."

ಧನ್ಯಶ್ರೀ ಪೆನ್ಸಿಲಿನಲ್ಲಿ ದುಂಡಗೆ ಬರೆದಳು: ಪಟ್ಟೆತಲೆ ಹೆಬ್ಬಾತು, 9. ಈಗ ಹಾರುವಾಗ ಎಣಿಸಿದರೆ ಎಂಟೇ ಸಿಕ್ಕಿದ್ದವು. ಆದರೆ ನಿನ್ನೆ ಎಲ್ಲರೆದುರು ಒಂಬತ್ತು ಎಂದಿದ್ದಳಲ್ಲ. ನಿದ್ದೆ ಮಾಡುವ ಹಕ್ಕಿ ಇನ್ನೂ ಎದ್ದಿಲ್ಲವೇನೋ ಎಂದು ಹೊಲದ ಕಡೆ ತಿರುಗಿದಳು.

ಮಂಜು ಕರಗಿತ್ತು. ಒಂಬತ್ತನೆಯದು ಅಲ್ಲೇ ಇತ್ತು. ಬೂದಿ ಬಣ್ಣ, ದುಂಡನೆ ಬೆನ್ನು. ಅಜ್ಜಿಯ ಹೊಲಕ್ಕೂ ಕಲ್ಲಪ್ಪನವರ ಹೊಲಕ್ಕೂ ನಡುವಿನ ಗಡಿಕಲ್ಲು.

ಹಿಂದೆ ಹುಡುಗರು ಇನ್ನೂ ನಗುತ್ತಿದ್ದರು. "ಧನ್ಯಾ, ಸೀರೆನೂ ಲಿಸ್ಟಿಗೆ ಸೇರ್ಸೇ!" ಎಂದ ರವಿಕುಮಾರ. ಧನ್ಯಶ್ರೀಗೆ ನಗು ಬರಲಿಲ್ಲ. ಕಂಪಾಸ್ ಬಾಕ್ಸಿನಿಂದ ರಬ್ಬರ್ ತೆಗೆದು ಒಂಬತ್ತನ್ನು ಅಳಿಸಿ ಎಂಟು ಮಾಡಿದಳು.

"ಯಾಕಮ್ಮ, ಒಂದು ಕಮ್ಮಿ ಆಯ್ತು?" ಎಂದರು ಮೇಷ್ಟ್ರು.

"ಅದೊಂದು ಹಾರ್ಲಿಲ್ಲ ಸಾರ್" ಎಂದು ಅವಳು ಕಲ್ಲಿನ ಕಡೆ ಕೈ ತೋರಿಸಿದಳು.

ಮೇಷ್ಟ್ರು ಬರಿಗಣ್ಣಿನಲ್ಲಿ ಆ ಕಲ್ಲನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಜೇಬಿನಿಂದ ಫೋನ್ ತೆಗೆದರು. ಅಷ್ಟು ಹೊತ್ತಿಗೆ ಥಂಬ್ಸ್ ಅಪ್ ನಲವತ್ತೊಂದಾಗಿತ್ತು. ಅವರು ಧನ್ಯಶ್ರೀಯ ಪಕ್ಕದಲ್ಲೇ ಕೂತು ಗ್ರೂಪಿನಿಂದ ಆ ಫೋಟೊ ಅಳಿಸಿದರು.