ಅರವತ್ತು ಸುತ್ತು

"ನನ್ನ ನೋಡಬ್ಯಾಡ್ರಿ ಸರ್, ತಂತಿ ನೋಡ್ರಿ," ಎಂದಳು ರಾಜೇಶ್ವರಿ, ವೈಂಡಿಂಗ್ ಮಷೀನಿನ ಹಿಡಿಕೆ ತಿರುಗಿಸುತ್ತ.

"ತಂತೀನ ನೋಡಾಕತ್ತೇನ್ರಿ ಮೇಡಂ. ಅದರ ಬಾಜೂಕ ನೀವು ಕುಂತರ ನಾ ಏನ್ ಮಾಡ್ಲಿ?"

ನಕ್ಕರೆ ಕೈ ಅಲುಗೀತೆಂದು ತುಟಿ ಕಚ್ಚಿದಳು. ಸುತ್ತುವುದು ಅವಳ ಕೆಲಸ, ಎಣಿಸುವುದು ಶಿವಾನಂದನದು. ಒಂದೊಂದು ಕಾಯಿಲ್‌ಗೆ ಅರವತ್ತು ಸುತ್ತು.

ಗೋಕಾಕದಲ್ಲಿ ಐಟಿಐ ಶಿಕ್ಷಕರಿಗೆ ಹನ್ನೆರಡು ದಿನ ಮೋಟರ್ ರಿಪೇರಿಯ ತರಬೇತಿ. ಅವನು ಮೂಡಲಗಿಯವನು, ಅವಳು ಹುಕ್ಕೇರಿಯಿಂದ ಬಂದವಳು. ಆರು ವರ್ಷಗಳಿಂದ ಅಲ್ಲಿ ಅವಳಿಗೆ ಸಿಕ್ಕಿದ್ದು ಬರೀ ಥಿಯರಿ ಕ್ಲಾಸು. "ಸರ್ಟಿಫಿಕೇಟ್ ತರ್ರಿ, ವರ್ಕ್‌ಶಾಪ್ ನಿಮಗಽ ಕೊಡ್ತೇನಿ," ಎಂದು ಪ್ರಿನ್ಸಿಪಾಲರು ಈ ಸಲ ಒಪ್ಪಿದ್ದರು.

ಈ ದಿನಗಳಲ್ಲಿ ಅವಳ ಊಟದ ಡಬ್ಬಿಯ ಶೇಂಗಾ ಹಿಂಡಿ ಅರ್ಧ ಅವನದಾಗಿತ್ತು. ಒಮ್ಮೆ ಅವಳ ಮಣಿಕಟ್ಟಿಗೆ ವಾರ್ನಿಶ್ ಹತ್ತಿದಾಗ ತನ್ನ ಕರ್ಚೀಫಿನಿಂದ ಒರೆಸಿದ್ದ, ನಿಧಾನವಾಗಿ. ಒರೆಸಿ ಮುಗಿದ ಮೇಲೂ ಅವಳು ಕೈ ಹಿಂದೆ ತೆಗೆದುಕೊಂಡಿರಲಿಲ್ಲ. ಮೂವತ್ತಾರರಲ್ಲಿ ಅವಳು ಮತ್ತೆ ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಲ್ಲತೊಡಗಿದ್ದಳು.

"ಎಷ್ಟಾತ್ರಿ?"

"ಅರವತ್ತು. ನಿಲ್ಲಸ್ರಿ."

ಅವನ ಕಣ್ಣು ಅವಳ ಕಿವಿಯ ಹತ್ತಿರದ ಬೆವರ ಹನಿಯ ಮೇಲಿತ್ತು.

ಮರುದಿನ ಪರೀಕ್ಷೆ, ಅವಳಿಗೆ ವೈಂಡಿಂಗ್, ಅವನಿಗೆ ದೋಷ ಪತ್ತೆ. ಸ್ವಿಚ್ ಹಾಕಿದೊಡನೆ ಮೋಟರ್ ನರಳಿ ಹೊಗೆಯಾಡಿತು. ತರಬೇತಿಯ ಗುರುಲಿಂಗಪ್ಪ ಸರ್ ಕಾಯಿಲ್ ಕತ್ತರಿಸಿ ಎಣಿಸಿದರು.

"ಎರಡು ಕಾಯಿಲ್‌ನಾಗ ಬರೇ ನಲವತ್ತೆಂಟು ಸುತ್ತದಾವ. ಸುತ್ತಿದವ್ರು ಯಾರ್ರಿ?"

"ನಾನ್ರಿ ಸರ್," ಎಂದು ಶಿವಾನಂದನ ಕಡೆ ನೋಡಿದಳು. ಈಗ ಹೇಳುತ್ತಾನೆ ಎಂದು ಕಾದಳು. ತಾನೇ ಹೇಳಿದರೆ ಅದು ನೆವವಾಗುತ್ತಿತ್ತು. ಅವನು ಸ್ಕ್ರೂಡ್ರೈವರ್ ಒರೆಸುತ್ತಿದ್ದ.

"ಶಾವಿಗಿ ಹೊಸೆದಂಗಲ್ರಿ ಮೇಡಂ ಇದು!" ಎಂದರು ಹಿಂದಿನಿಂದ ಯಾರೋ. ಎಲ್ಲರೂ ನಕ್ಕರು. ಶಿವಾನಂದನೂ, ಸಣ್ಣಗೆ.

ದೋಷ ಪತ್ತೆಯ ಭಾಗದಲ್ಲಿ ಅವನು ಪಾಸು. ವೈಂಡಿಂಗ್‌ನಲ್ಲಿ ಅವಳು ಫೇಲು.

ಸಂಜೆ ಅವಳು ಗೇಟಿನೆದುರು ಬಸ್ಸಿಗೆ ನಿಂತಿದ್ದಾಗ ಅವನು ಓಡಿಬಂದ.

"ಖರೆ ಹೇಳ್ತೇನ್ರಿ, ತಪ್ಪು ನಂದು. ನಿಮ್ಮನ್ನ ನೋಡ್ಕೋತ ಎಣಿಕಿ ತಪ್ಪಿತು. ಇಷ್ಟು ದಿನ ನಿಮ್ಮನ್ ಬಿಟ್ಟು ಬ್ಯಾರೆ ಏನೂ ಕಂಡಿಲ್ಲ ನನಗ. ಲಗ್ನ ಆಗೂಣೇನ್ರಿ?"

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಕೇಳಲೆಂದು ಅವಳು ಎಷ್ಟು ಆಸೆಪಟ್ಟಿದ್ದಳೋ ಅಷ್ಟೇ ಚೆಂದವಾಗಿಯೂ ಇತ್ತು.

"ಸರ್ ಇನ್ನೂ ಒಳಗದಾರ. ಎಣಿಕಿ ತಪ್ಪಿದ್ದು ನಂದಂತ ಅವರಿಗಿ ಹೇಳಿ ಬರ್ರಿ. ಉಳದದ್ದು ಆಮ್ಯಾಲ ನನಗ ಹೇಳೀರಂತ."

ಅವನು ಬಾಗಿಲ ಕಡೆ ನೋಡಿದ. ಕಾಲು ಕದಲಲಿಲ್ಲ.

"ಅವರು ಮಾರ್ಕ್ಸ್ ಬರದು ಮುಗಿಸ್ಯಾರಲ್ರಿ. ಹೋಗ್ಲಿ ಬಿಡ್ರಿ. ಲಗ್ನಾದ ಮ್ಯಾಲ ನಿಮಗ್ಯಾಕ್ರಿ ಆ ವರ್ಕ್‌ಶಾಪು?"

ಚೇಷ್ಟೆಯೇನೋ ಎಂದು ಅವಳು ಅವನ ಮುಖದಲ್ಲಿ ಹುಡುಕಿದಳು. ಚೇಷ್ಟೆಯಾಗಿರಲಿಲ್ಲ.

ಹುಕ್ಕೇರಿ ಬಸ್ಸು ಬಂತು. ಎತ್ತಿಕೊಡಲು ಅವನು ಬ್ಯಾಗಿಗೆ ಕೈಹಾಕಿದ, ಅವಳು ಕಿತ್ತುಕೊಂಡಳು.

"ಫೋನ್ ಮಾಡ್ತೇನ್ರಿ," ಎಂದ ಕಿಟಕಿಯ ಕೆಳಗೆ ನಿಂತು.

"ಮಾಡಬ್ಯಾಡ್ರಿ."

ಸೋಮವಾರ ಪ್ರಿನ್ಸಿಪಾಲರಿಗೆ ಏನು ಹೇಳಲಿ ಎಂದು ಯೋಚಿಸಲು ಕುಳಿತಳು. ಊರು ದಾಟಿದ ಮೇಲೆ, ದಿನವಿಡೀ ತಡೆದಿದ್ದ ಅಳು ಬಂತು. ಅದು ಸರ್ಟಿಫಿಕೇಟಿಗಲ್ಲ, ಅವನಿಗಾಗಿ ಎಂದು ತಿಳಿದಾಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.