ಈಲಿ ನುಡಿದ ಸಾಕ್ಷಿ

ಮುನಿಲಕ್ಷ್ಮಮ್ಮನ ಹೆಸರನ್ನು ಯಕೃತ್ತಿನ ಕಸಿಗಾಗಿ ಕಾಯುವವರ ಪಟ್ಟಿಯಿಂದ ತೆಗೆದುಹಾಕಲಾಯಿತು. ಕಾರಣ: ಸ್ವಯಂಕೃತ ಮಾತ್ರೆ ವ್ಯಸನ.

ಹಾಗೆಂದು ತೀರ್ಪು ಕೊಟ್ಟದ್ದು ಯಕೃತ್-ದಿನದರ್ಶಕ. ಮರವನ್ನು ಅಡ್ಡ ಕೊಯ್ದರೆ ವರ್ಷದ ಬಳೆಗಳು ಕಾಣುವಂತೆ, ಈ ಯಂತ್ರದ ಕೆಳಗೆ ಮಲಗಿದವರ ಯಕೃತ್ತು, ಜನ ಈಲಿ ಎನ್ನುವ ಅಂಗ, ದಿನದಿನದ ಪದರಗಳಾಗಿ ಪರದೆಯ ಮೇಲೆ ಬಿಚ್ಚಿಕೊಳ್ಳುತ್ತಿತ್ತು. ಸೋಂಕು ತಗುಲಿದ್ದರೆ ಹಳದಿ ಪಟ್ಟೆ. ಹೊಟ್ಟೆಗೆ ಸಾಲದ ದಿನಗಳು ಬೂದು. ಔಷಧ ಸುಟ್ಟ ಜಾಗ ಕಪ್ಪು. ಕಸಿಗೆ ಸಿಗುವ ಯಕೃತ್ತುಗಳು ಕೆಲವೇ ಆದ್ದರಿಂದ, ತಾವೇ ಹಾಳುಮಾಡಿಕೊಂಡವರಿಗೆ ಕೊಡಕೂಡದೆಂದು ಕಸಿ ಮಂಡಳಿ ನಿಯಮ ಮಾಡಿತ್ತು. ಅಂಥವರನ್ನು ಹಿಡಿಯಲೆಂದೇ ಡಾ. ಪದ್ಮಾಕರ ಈ ಯಂತ್ರ ಕಟ್ಟಿದ್ದರು.

ಊರಾಚೆಯ ಖಾಸಗಿ ಕಸ ವಿಂಗಡಣಾ ಘಟಕದಲ್ಲಿ ಹನ್ನೊಂದು ವರ್ಷ ದುಡಿದ ಮುನಿಲಕ್ಷ್ಮಮ್ಮ, ಕಣ್ಣು ಅರಿಶಿನವಾಗಿ, ಹೊಟ್ಟೆ ನೀರು ತುಂಬಿ ಉಬ್ಬಿ, ಅವರೆದುರು ಕುಳಿತಿದ್ದಳು. ಕಸಿ ಆಗದಿದ್ದರೆ ಹೆಚ್ಚೆಂದರೆ ಆರು ತಿಂಗಳು. ಅದು ಅವಳಿಗೂ ಗೊತ್ತಿತ್ತು.

"ಈ ಹಳದಿ ನಂಗೊತ್ತು ಸಾರ್. ಆಸ್ಪತ್ರೆ ಕಸ್ದಾಗೆ ಸೂಜಿ ಚುಚ್ಕೊಂಡಿದ್ದು. ಬೂದೂನೂ ಗೊತ್ತು. ಬೆಳ್ಗೆ ಐದಕ್ಕೆಲ್ಲ ಕೆಲ್ಸದ ವ್ಯಾನ್ ಬರ್ತದೆ, ಮುದ್ದೆ ತಿನ್ನೋಕೆ ಟೈಮೆಲ್ಲಿ?"

"ಅಲ್ಲೇ ಇರೋದು ನೋಡಮ್ಮಾ. ಸೋಂಕಿರೋ ಯಕೃತ್ತು ಮೊದಲೇ ಸೋತಿರುತ್ತೆ. ಹಸಿದ ಮೈಯಲ್ಲಿ ವಿಷ ತೊಳೆಯೋ ಶಕ್ತಿಯೂ ಇರಲ್ಲ. ಅಂಥಾದ್ರಲ್ಲಿ ದಿನಾ ಎಂಟೆಂಟು ನೋವಿನ ಮಾತ್ರೆ! ಏನಂತ ನುಂಗಿದೆ?"

ಅವಳು ಪರದೆಯ ಹತ್ತಿರ ಬಗ್ಗಿದಳು. "ಪೊಲೀಸ್ನೋರಿಗಿಂತ ಚೆನ್ನಾಗಿ ಹುಡುಕ್ತದೆ ನಿಮ್ ಮಿಷನ್ನು. ಆದ್ರೆ ನಡುನಡುವೆ ಕಪ್ಪು ಇಲ್ವಲ್ಲ ಸಾರ್?"

ಪದ್ಮಾಕರ ಎಣಿಸಿದರು. ಆರು ಕಪ್ಪು ಗೆರೆ, ಒಂದು ಖಾಲಿ. ಮತ್ತೆ ಆರು, ಒಂದು ಖಾಲಿ. ಹನ್ನೊಂದು ವರ್ಷ ಹಾಗೆಯೇ.

"ಸೋಮವಾರ ನಮ್ಗೆ ರಜ," ಎಂದಳು. "ಹಾಜರಿ ಕೂಗ್ವಾಗ ಮೇಸ್ತ್ರಿ ನಾಕು ಗುಳಿಗೆ ಕೈಗಿಡ್ತಾನೆ, ಮಧ್ಯಾಹ್ನ ಇನ್ನ ನಾಕು. ನುಂಗಿ, ಬಾಯಿ ಆ ಅಂತ ತೋರಿಸಿದ್ಮೇಲೇ ಹೆಸರು ಬರ್ಕೊಳ್ಳೋದು. ಸೊಂಟನೋವು ಅಂತ ಯಾರೂ ಕಸ ಸಾಗೋ ಬೆಲ್ಟ್ ನಿಲ್ಲಿಸಬಾರ್ದಲ್ಲ! ಯಾವ ಚಟಗಾರ ಸಾರ್, ವಾರಕ್ಕೊಂದಿನ ರಜ ಹಾಕೋದು?"

ರೋಗಿಯ ತಪ್ಪು ಹಿಡಿಯಲೆಂದು ಕಟ್ಟಿದ ಯಂತ್ರ ಘಟಕದ ಹಾಜರಿ ಪುಸ್ತಕವನ್ನೇ ಓದಿ ಹೇಳುತ್ತಿತ್ತು. ಅದೇ ಘಟಕದಿಂದ ಈ ವರ್ಷ ಹದಿನಾಲ್ಕು ಜನ ಬಂದಿದ್ದರು. ಹದಿನಾಲ್ವರನ್ನೂ ಪದ್ಮಾಕರ ವ್ಯಸನಿಗಳೆಂದೇ ಬರೆದಿದ್ದರು. ಆ ಖಾಲಿ ಗೆರೆಗಳನ್ನು ಅವರು ಯಾವತ್ತೂ ನೋಡಿರಲಿಲ್ಲ.

"ಯಾರು ನುಂಗಿದ್ರು ಅಂತಷ್ಟೇ ನಿಯಮ ಕೇಳೋದು. ಯಾರು ನುಂಗಿಸಿದ್ರು ಅಂತ ಕೇಳಲ್ಲ," ಎನ್ನುತ್ತ, ಚಟಕ್ಕೆ ತಾನೇ ಮಾತ್ರೆ ನುಂಗಿದೆನೆಂಬ ತಪ್ಪೊಪ್ಪಿಗೆಯ ಹಾಳೆಯನ್ನು ಅವಳತ್ತ ಸರಿಸಿದರು. ಅವಳ ಮುಖ ನೋಡಲಿಲ್ಲ. "ಹೆಬ್ಬೆಟ್ಟು ಒತ್ತಮ್ಮಾ. ಔಷಧಿಯಾದ್ರೂ ಪುಕ್ಕಟೆ ಸಿಗುತ್ತೆ. ಒತ್ತದಿದ್ರೆ ಅದೂ ಇಲ್ಲ."

ಮುನಿಲಕ್ಷ್ಮಮ್ಮ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು.

"ನನ್ನ ಈಲಿ ನಿಜ ಹೇಳ್ತದೆ. ಬೆರಳ ಕೈಲಿ ಸುಳ್ಳು ಹೇಳಿಸ್ಲಾ? ಒತ್ತಲ್ಲ ಸಾರ್."